ರಾಯಸದವನ ಬಾಯಿ

ಈಗಲೇ ಹೇಳಿಬಿಡಲೇ, ಇಲ್ಲ ಗೋಡೆಯ ಕೆಲಸ ಮುಗಿಯಲಿ ಎಂದು ಕಾಯಲೇ? ಮುಗಿದ ಮೇಲೆ ಹೇಳಿ ಏನು ಬಂತು? ಏಣಿಯ ಮೇಲೆ ಕೂತಿದ್ದ ಆದಿನಾರಾಯಣಪ್ಪನಿಗೆ ಬೆಳಗಿನಿಂದ ಇದೇ ಯೋಚನೆ. ಸುಣ್ಣದ ಧೂಳಿಗೆಂದು ಮೂಗುಬಾಯಿ ಸೇರಿಸಿ ಟವೆಲು ಬಿಗಿದುಕೊಂಡಿದ್ದ.

ದೇವನಹಳ್ಳಿ ಹತ್ತಿರದ ಆ ಊರಿನ ಸ್ಕೂಲಿಗೆ ಅವನು ಮೇಷ್ಟ್ರು. ಬಿ.ಎ. ಓದಿದವನು, ಚಿತ್ರವನ್ನೂ ಒಂದಿಷ್ಟು ಬರೆಯುತ್ತಿದ್ದ. ಪಟೇಲ ಪಿಳ್ಳಪ್ಪನವರ ಮನೆಯ ಹಿಂದಿನ ಕೋಣೆಯಲ್ಲಿ ವಾಸ, ಊಟವೂ ಅಲ್ಲೇ. ಅವರ ಪಡಸಾಲೆಯ ಗೋಡೆಯ ಮೇಲೆ ಯಾವ ಕಾಲದ್ದೋ ಒಂದು ಚಿತ್ರವಿತ್ತು. ಯುದ್ಧಕ್ಕೆ ಹೊರಟ ಪಾಳೆಯಗಾರ ರಾಜ, ಅವನೆದುರು ಬಗ್ಗಿ ನಿಂತ ರಾಯಸದವನು, ಎಂದರೆ ರಾಜನ ಕಾಗದಪತ್ರ ಬರೆಯುವವನು. ಅವನ ಬಲಗೈ ಬಾಯಿಗೆ ಅಡ್ಡ. ಉಸಿರು ಸಹ ಅರಸನಿಗೆ ತಾಕಬಾರದೆಂದು ಹಾಗೆ ನಿಲ್ಲುವುದು ಹಿಂದಿನವರ ಪದ್ಧತಿ.

ಪಿಳ್ಳಪ್ಪನವರಿಗೆ ಈಗ ಅದು ಕಣ್ಣಿಗೆ ಚುಚ್ಚತೊಡಗಿತ್ತು. ಚೀನಾದವರು ಗಡಿ ದಾಟಿದ್ದಾರೆಂದು ರೇಡಿಯೋ ಹೇಳುತ್ತಿತ್ತು. ತಾಲ್ಲೂಕಿನ ಸಭೆಯಲ್ಲಿ ಅವರು ಎದ್ದುನಿಂತು, ಮಗ ಮುನಿಶಾಮಿಯನ್ನು ಮಿಲಿಟರಿಗೆ ಕೊಡುತ್ತೇನೆಂದು ಹೇಳಿ ಬಂದಿದ್ದರು. ಸೋಮವಾರ ಅಮಲ್ದಾರರು ಮನೆಗೇ ಬಂದು ಹುಡುಗನಿಗೆ ಹಾರ ಹಾಕುವವರಿದ್ದರು.

"ಯುದ್ಧದ್ ಹೊತ್ನಲ್ಲಿ ಇವ್ನ್ಯಾಕ್ರೀ ಹಲ್ಲುನೋವು ಬಂದೋನ್ ಥರ ನಿಂತವ್ನೆ? ಆ ಕೈ ತೆಗೀರಿ ಮೇಷ್ಟ್ರೇ."

"ಅದು ಮರ್ಯಾದೆಗೆ ಗೌಡ್ರೇ, ಆಗಿನ ಕಾಲದಲ್ಲಿ..."

"ಆಗಿನ ಕಾಲ ಹೋಯ್ತು ಬಿಡ್ರಿ. ಈಗ ಯಾರೂ ಯಾರ ಮುಂದೂ ಬಾಯಿ ಮುಚ್ಕೊಂಡು ನಿಲ್ಬೇಕಾಗಿಲ್ಲ."

ಅದು ಮೊನ್ನೆಯ ಮಾತು. ನಿನ್ನೆ ಸಂಜೆ ಅವರೆಕಾಯಿ ಬಿಡಿಸುತ್ತ ಕೂತಿದ್ದ ಅವರ ಹೆಂಡತಿ ಗಂಗಲಕ್ಷ್ಮಮ್ಮ ಅವನನ್ನು ಹತ್ತಿರ ಕರೆದಿದ್ದರು.

"ಮುನಿಶಾಮಿ ಹೂಂ ಅಂದವ್ನೆ, ನಿಜ. ಅಪ್ಪನ್ ಎದುರ್ಗೆ ಅವನು ಯಾವತ್ತು ಊಹೂಂ ಅಂದವ್ನೆ ಹೇಳಿ? ಮುದ್ದೆ ಮುಟ್ತಾ ಇಲ್ಲ. ನಂಗೆ ಹೋಗೋಕೆ ಇಷ್ಟ ಇಲ್ಲಮ್ಮ ಅಂತ ಕೊಟ್ಟಿಗೇಲಿ ನಿಂತ್ಕೊಂಡು ಅಳ್ತಾನೆ. ನೀವೊಂದ್ ಮಾತು ಹೇಳಿ ಮೇಷ್ಟ್ರೇ."

"ನೀವೇ ಹೇಳ್ಬಹುದಲ್ಲಮ್ಮ?"

"ನನ್ ಮಾತಿಗೆ ಸೊಪ್ಪು ಹಾಕ್ತಾರಾ ಅವ್ರು? ನೀವು ಓದ್ದೋರು. ನೀವು ಹೇಳಿದ್ರೆ ಕೇಳ್ತಾರೆ."

ಆಗಲಿ ಅಂದಿದ್ದ.

ಈಗ ಉಳಿಯಿಂದ ಹಗುರಾಗಿ ಕೆರೆದ. ಬಣ್ಣದ ಬೆರಳುಗಳು ಪುಡಿಯಾಗಿ ಉದುರಿದವು. ಅವುಗಳ ಹಿಂದೆ ಬಾಯಿ ಇರಲಿಲ್ಲ, ಬರಿಯ ಗಾರೆ. ಚಿತ್ರ ಬರೆದವನಿಗೆ ಈ ರಾಯಸದವನಿಗೊಂದು ಬಾಯಿ ಬೇಕಾದೀತೆಂದು ಅನಿಸಿಯೇ ಇರಲಿಲ್ಲ.

ಪಿಳ್ಳಪ್ಪನವರು ಬಂದು ಕತ್ತೆತ್ತಿ ನೋಡಿದರು. "ಎಲ್ರೀ ಬಾಯಿ?"

"ಇಲ್ಲ ಗೌಡ್ರೇ. ಬರೆದೇ ಇಲ್ಲ."

"ಪಾಪ, ಊಟ ಹೆಂಗ್ ಮಾಡ್ತಿದ್ನೋ!" ನಕ್ಕರು. "ಒಂದ್ ಬಾಯಿ ಕೊಡ್ರಿ ಅತ್ಲಾಗೆ. ರಾಜಂಗೆ ಏನೋ ಹೇಳ್ತಿರೋ ಹಂಗಿರ್ಲಿ."

ಹೋಗುತ್ತಾರೆಂದುಕೊಂಡ. ಹೋಗಲಿಲ್ಲ. ಏಣಿ ಹಿಡಿದು ನಿಂತರು. ನಿದ್ದೆಗೆಟ್ಟ ಕಣ್ಣು. ದನಿ ಇಳಿದಿತ್ತು.

"ಏನ್ ಹೇಳ್ತಿರ್ಬಹುದು ಮೇಷ್ಟ್ರೇ, ಅಂಥಾ ಹೊತ್ನಲ್ಲಿ?"

ಒಳಗೆ ಗಂಗಲಕ್ಷ್ಮಮ್ಮ ಅವರೆಕಾಯಿ ಬಿಡಿಸುತ್ತಿದ್ದ ಸದ್ದು ನಿಂತಿತು. ಆದಿನಾರಾಯಣಪ್ಪ ಟವೆಲು ಬಿಚ್ಚಿದ. ತುಟಿಯ ಮೇಲೆ ಸುಣ್ಣದ ಒಗರು.

"ಅಪ್ಪಣೆ ಅಂತಿರ್ಬೇಕು."

"ಅಷ್ಟೇನಾ?"

"ಅಷ್ಟೇ ಗೌಡ್ರೇ."

ಪಿಳ್ಳಪ್ಪನವರು ಏಣಿ ಬಿಟ್ಟು ಹೊರಗೆ ಹೋದರು. ಒಳಗೆ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ.

ಸಂಜೆಯೊಳಗೆ ಅವನು ಬಾಯಿ ಬರೆದು ಮುಗಿಸಿದ. ಸೋಮವಾರ ಮುನಿಶಾಮಿ ಆ ಚಿತ್ರದ ಕೆಳಗೇ ನಿಂತು ಹಾರ ಹಾಕಿಸಿಕೊಂಡ. ಅಮಲ್ದಾರರು ಚಿತ್ರ ಯಾರದೆಂದು ಕೇಳಿದರು. ಬಸ್ಸು ಬಂತು, ಹುಡುಗ ಹತ್ತಿದ.

ನಿಮ್ಮ ಮಗನಿಗೆ ಹೋಗಲು ಇಷ್ಟವಿಲ್ಲ ಎಂದು ಆದಿನಾರಾಯಣಪ್ಪ ಪಿಳ್ಳಪ್ಪನವರಿಗೆ ಹೇಳಲೇ ಇಲ್ಲ.