ಎಡಗೈ ಚಾಕು

ಹಾರ ಇನ್ನೂ ಬಂದಿಲ್ಲವೆಂದು ದೊಡ್ಡಪ್ಪ ತಾವೇ ಕತ್ತರಿ ಹಿಡಿದು ಹೋಗಿ, ನರ್ಸರಿಯ ಮೂಲೆಯ ದೇವದಾರಿನಿಂದ ಒಂದು ರೆಂಬೆ ತಂದು, ತೀರಿಹೋದ ತಮ್ಮನ ಎದೆಯ ಮೇಲಿಡುತ್ತಿದ್ದರು. ನೀರು ಹಿಡಿದು ಒಳಬಂದ ತಮ್ಮನ ಮಗಳು ಬಾಗಿಲಲ್ಲೇ ನಿಂತಳು.

ಮರವೆಲ್ಲ ಹಸಿರು, ಆ ರೆಂಬೆಯೊಂದೇ ಹೊಂಬಣ್ಣ.

"ಹೂವಿಗಿಂತ ಇದೇ ಒಪ್ಪುತ್ತೆ ಅವನಿಗೆ," ಎಂದರು ದೊಡ್ಡಪ್ಪ. "ಮನುಷ್ಯರ ಮುಖಕ್ಕಿಂತ ಗಿಡದ ಮುಖ ನೋಡಿದ್ದೇ ಹೆಚ್ಚು."

ಯಾರೋ ಮೆಲ್ಲಗೆ ನಕ್ಕರು, ಅಮ್ಮ ಕೂಡ. ಮಗಳ ಕಣ್ಣು ರೆಂಬೆಯ ಮೇಲೇ ಇತ್ತು.

*

ಉದ್ಯಾನಗಳಿಗೆ ದೇವದಾರು ಬೆಳೆಸಿ ಮಾರುವುದು ಅಪ್ಪನ ಕೆಲಸ. ಜೋತುಬೀಳುವ ತಳಿ, ಕುಳ್ಳ ತಳಿ, ನೀಲಿ ಛಾಯೆಯದು, ಎಲ್ಲವೂ ಇನ್ಯಾರೋ ಹೆಸರಿಟ್ಟವು. ಹಸಿರು ಮರದಲ್ಲಿ ತಾನಾಗಿ ಮೂಡಿದ ಈ ರೆಂಬೆ ಮಾತ್ರ ಅವರದೇ. ಬೀಜದಿಂದ ಆ ಬಣ್ಣ ಬರುವ ನಂಬಿಕೆಯಿಲ್ಲ, ಕಸಿಯೇ ಕಟ್ಟಬೇಕು. ಬಲಿಯಲಿ ಎಂದು ಕಾದಿದ್ದರು.

"ಈ ಚಳಿಗೆ ಕಟ್ಟೋಣ. ನೀನೇ ಕಟ್ಟು," ಎಂದಿದ್ದರು ಮಗಳಿಗೆ.

"ನನ್ನದು ಒಂದಾದರೂ ಹತ್ತಿದೆಯೇನಪ್ಪ?"

ಅವಳ ಕೈಗುಣವೇ ಸರಿಯಿಲ್ಲವೆಂದು ಮನೆಯಲ್ಲಿ ತಮಾಷೆ. ಅಪ್ಪ ಎಡಚರು. ಚಾಕುವಿನ ಒಂದೇ ಮಗ್ಗುಲನ್ನು ತಮ್ಮ ಎಡಗೈಗೆಂದೇ ಮಸೆದಿದ್ದರು. ಅವಳ ಬಲಗೈಯಲ್ಲಿ ಅದು ತೊಗಟೆಯನ್ನು ಹರಿದುಹಾಕುತ್ತಿತ್ತು. ಬೇರೆ ಚಾಕು ತರುವುದು ಇಬ್ಬರಿಗೂ ತೋಚಿರಲಿಲ್ಲ.

*

ಗಾಡಿ ಬಂತು. ಎತ್ತುವ ಮುನ್ನ ಮಗಳು ಬಗ್ಗಿ, ಎಲ್ಲರೆದುರೇ ಅಪ್ಪನ ಎದೆಯ ಮೇಲಿನ ರೆಂಬೆ ತೆಗೆದುಕೊಂಡಳು.

"ಕೊಟ್ಟಿದ್ದನ್ನ ಕಿತ್ಕೋತೀಯೇನೇ?" ದೊಡ್ಡಪ್ಪ ಕೈ ಅಡ್ಡ ಹಿಡಿದರು.

"ಇದೊಂದೇ ಇತ್ತು ದೊಡ್ಡಪ್ಪ. ಇನ್ನೆಲ್ಲೂ ಇಲ್ಲ."

ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಮೇಲೆ ಕತ್ತರಿ ಹಿಡಿದಿದ್ದ ತಮ್ಮ ಕೈಯನ್ನೇ ನೋಡಿಕೊಂಡರು. ಅಮ್ಮ ತಾನು ಕಣ್ಣೊರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ನೀರಿಗದ್ದಿ ಕೊಟ್ಟು, "ಸುತ್ತಿಡು, ಬಾಡುತ್ತೆ," ಎಂದಳು.

ಮಣ್ಣು ಮಾಡಿ ಬಂದ ಮೇಲೆ ಮಗಳು ಉಟ್ಟ ಬಟ್ಟೆಯಲ್ಲೇ ರೆಂಬೆ ಹಿಡಿದು ಕಸಿಯ ಕೋಣೆಗೆ ಹೋದಳು. ರೆಂಬೆಯ ತುದಿ ಆಗಲೇ ನಲುಗಿತ್ತು. ಕಸಿಗೆ ಆಗುವಂಥವು ಮೂರೇ ಕಡ್ಡಿ. ಮೊದಲನೆಯದು ಅಪ್ಪನ ಚಾಕುವಿನಡಿ ಹರಿಯಿತು. ಎರಡನೆಯದೂ.

ದೊಡ್ಡಪ್ಪ ಬಾಗಿಲಿಗೆ ಬಂದು ನಿಂತಿದ್ದರು, ಒಳಗೆ ಕಾಲಿಡದೆ. ಅವಳು ತಿರುಗಲಿಲ್ಲ. ಚಾಕುವಿನ ಹಿಡಿಯಲ್ಲಿ ಅಪ್ಪನ ಹೆಬ್ಬೆರಳು ಸವೆಸಿದ ತಗ್ಗಿತ್ತು. ಚಾಕುವನ್ನು ಎಡಗೈಗೆ ತೆಗೆದುಕೊಂಡು, ತನ್ನ ಹೆಬ್ಬೆರಳನ್ನು ಆ ತಗ್ಗಿನೊಳಗಿಟ್ಟಳು. ಅಭ್ಯಾಸವಿಲ್ಲದ ಕೈ, ನಡುಗುತ್ತಿತ್ತು. ನಡುಕ ನಿಲ್ಲುವವರೆಗೆ ಉಳಿದ ಕಡ್ಡಿಯನ್ನು ಮುಟ್ಟಲಿಲ್ಲ.