ಲೈನಿನ ಮಕ್ಕಳ ಮೊಂತಿ ಹಬ್ಬ

ಆ ವರ್ಷ ಹೆತ್ತೂರು ಕಡೆ ಡೇಲಿಯಾ ಹುಚ್ಚೆದ್ದು ಅರಳಿತ್ತು. ಅದನ್ನು ಮಾತೆ ಮರಿಯಮ್ಮನಿಗೆ ಎರಚಲು ಮಕ್ಕಳೇ ಇರಲಿಲ್ಲ.

ಮೊಂತಿ ಹಬ್ಬವೆಂದರೆ ಮಾತೆಯ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಅದಕ್ಕೂ ಮುಂಚೆ ಒಂಬತ್ತು ದಿನ ಮಕ್ಕಳು ಸಾಲಾಗಿ ಬಂದು ಹೂ ಎರಚಬೇಕು. ಕಾಫಿ ಎಸ್ಟೇಟಿನ ಒಡತಿ ಮೊಡೆಸ್ಟಾಬಾಯಿಯ ಮಾವ ಬಂಗಲೆಯ ಗೇಟಿನೊಳಗೆ ಕಟ್ಟಿಸಿದ ಪುಟ್ಟ ಇಗರ್ಜಿಯಲ್ಲಿ ಒಂದು ಕಾಲಕ್ಕೆ ನಲವತ್ತು ಮಕ್ಕಳು ನೂಕಾಡುತ್ತಿದ್ದರು. ಈಗ ಸುತ್ತಲಿನ ಕ್ರೈಸ್ತ ಮನೆಗಳು ಒಂಬತ್ತಕ್ಕೆ ಇಳಿದಿದ್ದವು. ಇದ್ದಬದ್ದ ಮಕ್ಕಳು ಮಂಗಳೂರಿನ ಹಾಸ್ಟೆಲ್ ಸೇರಿದ್ದರು.

"ನಾಳೆ ಒಂದಿನ ಇಲ್ಲಿ ಶುರು ಮಾಡೋಣ ಬಾಯಿ. ಮಕ್ಕಳು ಬರದಿದ್ರೆ ಮಿಕ್ಕಿದ್ದೆಲ್ಲ ಸಕಲೇಶಪುರದಲ್ಲೇ," ಎಂದು ಫಾದರ್ ಮೆಲ್ಲಗೆ ಹೇಳಿ ಹೋಗಿದ್ದರು. ನಲವತ್ತಾರು ವರ್ಷ ಬಾಲೆ ಮರಿಯಮ್ಮನ ತೊಟ್ಟಿಲು ಸಿಂಗರಿಸಿದ ಮೊಡೆಸ್ಟಾಬಾಯಿಗೆ ಅನ್ನ ಸೇರಲಿಲ್ಲ.

ಹಿತ್ತಲ ಜಗುಲಿಯಲ್ಲಿ ಕಳಲೆ ಹೆಚ್ಚುತ್ತಿದ್ದ ಮನೆಗೆಲಸದ ಭೂತಮ್ಮನಿಗೆ ಅದು ತಿಳಿಯಿತು.

"ಹುಡುಗ್ರು ಸಿಕ್ಕಿಲ್ಲ ಅಂತ ಮುಖ ಊದಿಸ್ಕಂಡು ಕೂತಿದ್ದೀರಲ್ಲ ಬಾಯಮ್ಮ, ನಮ್ಮ ಕೂಲಿಯೋರ ಲೈನಲ್ಲಿ ಹದಿನೈದು ಅವೆ. ಕೋಳಿಮರಿ ಹಂಗೆ ಕಾಲ್ಗೆ ಸಿಕ್ತವೆ."

"ಅವು ಜಾರ್ಖಂಡಿನೋರ ಮಕ್ಕಳು ಕಣೇ. ಬೇರೆ ದೇವರನ್ನ ನಂಬೋರು. ಅವರ ಅಪ್ಪ ಅಮ್ಮ ಏನಂದುಕೊಂಡಾರು?"

ಭೂತಮ್ಮ ಕತ್ತಿ ಕೆಳಗಿಟ್ಟು ನಕ್ಕಳು. "ಅಯ್ಯೋ ನಿಮ್ಮ! ಆ ಆಲ್ಬಿನಾ ಮನೆ ಗೋಡೆ ಮೇಲಿರೋದು ನಿಮ್ಮ ಮರಿಯಮ್ಮನೇ. ಭಾನುವಾರ ಸಂಜೆ ಎಲ್ರೂ ಸೇರ್ಕಂಡು ಮಣಿ ಎಣಿಸ್ತಾರೆ. ನಾಕು ವರ್ಷದಿಂದ ನಿಮ್ಮ ಲೈನಲ್ಲೇ ಅವ್ರೆ. ನಿಮ್ಗೇ ಗೊತ್ತಿಲ್ವಾ?"

ಮೊಡೆಸ್ಟಾಬಾಯಿಗೆ ಗೊತ್ತಿರಲಿಲ್ಲ. ಮಳೆಗೆ ಕಂಬಳಿ, ಜ್ವರಕ್ಕೆ ಮಾತ್ರೆ ಎಲ್ಲವನ್ನೂ ತೋಟದ ಲೆಕ್ಕ ಬರೆಯುವ ರೈಟರ್ ಲಕ್ಕಪ್ಪನ ಕೈಲಿ ಕಳಿಸಿದ್ದರು. ಒಂದು ಹೊಸಿಲನ್ನೂ ದಾಟಿರಲಿಲ್ಲ.

ಸಂಜೆ ಕೊಡೆ ಹಿಡಿದು ಲೈನಿಗೆ ಹೋದರು. ಆಲ್ಬಿನಾ ಗಾಬರಿಯಿಂದ ಕೈ ಒರೆಸಿಕೊಂಡು ಕುರ್ಚಿ ಹಾಕಿದಳು. ಗೋಡೆಯ ಮೊಳೆಯಲ್ಲಿ ಜಪಮಾಲೆ ತೂಗುತ್ತಿತ್ತು.

"ಇಗರ್ಜಿಗೆ ಯಾಕಮ್ಮ ಬರಲಿಲ್ಲ?"

"ಗೇಟ್ ಒಳಗೆ ಐತೆ. ಬೀಗ ಐತೆ." ಕಲಿತ ಕನ್ನಡವನ್ನು ಅವಳು ಹುಡುಕಿ ಹುಡುಕಿ ಇಟ್ಟಳು. "ಸಾಹುಕಾರ್ ಮನೆ ದೇವ್ರು ಅಂದ್ಕೊಂಡ್ವಿ."

ಮೊಡೆಸ್ಟಾಬಾಯಿ ತಲೆ ತಗ್ಗಿಸಿದರು. ಹೊರಗಿನವರು ಬಹಳ ಬಂದಿದ್ದಾರೆ ಎಂದು ಆ ಬೀಗ ಹಾಕಿಸಿದವರು ಅವರೇ. ಅದಕ್ಕೂ ನಾಲ್ಕೇ ವರ್ಷ.

"ನಾಳೆ ಮಕ್ಕಳನ್ನ ಕಳಿಸ್ತೀಯಾ? ನೀವೂ ಬನ್ನಿ."

ಆಲ್ಬಿನಾ ಅನುಮಾನಿಸಿದಳು. "ನಿಮ್ಮ ಹಾಡು ಬರಲ್ಲ ಬಾಯಮ್ಮ. ನಮ್ದು ಊರ ಭಾಷೆದು."

"ಅದನ್ನೇ ಹಾಡಿ."

ಮನೆಯಲ್ಲಿ ಗಂಡ ಜಾಕೋಬ್ ಸಿಡುಕಿದರು. "ಎಂಬತ್ತು ವರ್ಷ ಕೊಂಕಣಿಯಲ್ಲೇ ಹಾಡಿದ್ದು. ನಿಂಗೇನಾಗಿದೆ ಮಾರಾಯ್ತಿ?"

"ಮಾತೆ ಹುಟ್ಟಿದ್ದೇನು ಮಂಗಳೂರಿನಲ್ಲಾ?" ಎಂದರು ಮೊಡೆಸ್ಟಾಬಾಯಿ. ಜಾಕೋಬ್ ಪೇಪರಿನೊಳಗೆ ಮುಖ ಹುದುಗಿಸಿದರು.

ಮರುದಿನ ಸಂಜೆ ಬಂದ ಫಾದರ್, ಇಗರ್ಜಿಯ ಬಾಗಿಲಲ್ಲಿ ಕೆಸರು ಮೆತ್ತಿದ ಪುಟ್ಟ ಪುಟ್ಟ ಚಪ್ಪಲಿಗಳನ್ನು ಕಂಡು ನಿಂತುಬಿಟ್ಟರು. ಒಳಗೆ ಹದಿನೈದು ಮಕ್ಕಳು ಹೂ ಎರಚುತ್ತಾ ಹಾಡುತ್ತಿದ್ದರು. ಮೊಡೆಸ್ಟಾಬಾಯಿಗೆ ತಿಳಿದದ್ದು 'ಮರಿಯಾ' ಎಂಬ ಒಂದೇ ಪದ. ಪಕ್ಕದಲ್ಲಿದ್ದ ಆಲ್ಬಿನಾ ಒಂದೊಂದೇ ಮಾತನ್ನು ಮೆಲ್ಲಗೆ ಹೇಳಿಕೊಡುತ್ತಿದ್ದಳು. ಬಾಯಿ ತಪ್ಪಾಗಿ ಹಾಡಿದಾಗ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು.

ಪ್ರಾರ್ಥನೆ ಮುಗಿದ ಮೇಲೆ ಫಾದರ್ ಹತ್ತಿರ ಬಂದರು. "ನಾಳೆ ಎಷ್ಟು ಗಂಟೆಗೆ ಬರಲಿ ಬಾಯಿ?"

"ಆಲ್ಬಿನಾನ ಕೇಳಿ ಫಾದರ್," ಎಂದರು ಮೊಡೆಸ್ಟಾಬಾಯಿ. "ಕೆಲಸದಿಂದ ಬರೋರು ಅವರು."