ಕೆಂಪು ಗೆರೆಯ ಆಚೆ ಉಳಿದವರು

ಕ್ಯಾನ್ಸರಿಗೆ ತುತ್ತಾಗಿದ್ದ ಅಕ್ಕ ಅಂಗಿಯ ಕಾಜಾ ಹೊಲಿಯುತ್ತಲೇ ತಂಗಿ ತಂದ ಪತ್ರವನ್ನು ಓದಿದಳು. ತಂಗಿ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಗುಮಾಸ್ತೆ. ಕ್ಯಾನ್ಸರಿನ ಹೊಸ ಔಷಧದ ಪ್ರಯೋಗಕ್ಕೆ ಬರುವವರಿಗೆಂದು ಆ ಪತ್ರವನ್ನು ಟೈಪ್ ಮಾಡಿದವಳೂ ಅವಳೇ. ‘ಸೇರಿದವರು ನಲವತ್ತು. ಗಡ್ಡೆ ಕುಗ್ಗಿದ್ದು ಮೂವತ್ತು ಮಂದಿಗೆ.’

“ನಾಲ್ಕರಲ್ಲಿ ಮೂರು ಪಾಲು! ಸೇರ್ತೀನಿ ಕಣೇ. ನಿನ್ನ ಟೈಪಿಂಗಲ್ಲಿ ತಪ್ಪಿಲ್ಲ ತಾನೇ?” ಎಂದು ಅಕ್ಕ ಛೇಡಿಸಿದಳು.

ಔಷಧ ಶುರುವಾದ ಏಳನೆಯ ವಾರಕ್ಕೆ ಅವಳ ಬೆರಳಲ್ಲಿ ಸೂಜಿ ನಿಲ್ಲದಾಯಿತು. ಬಾಯಿತುಂಬ ಹುಣ್ಣು, ಗುಟುಕು ನೀರಿಗೂ ನರಳಿದಳು. ಒಂಬತ್ತನೆಯ ವಾರ ತೀರಿಕೊಂಡಳು.

ತಂಗಿ ಕೆಲಸಕ್ಕೆ ಮರಳಿದ ದಿನವೇ ದೊಡ್ಡ ಡಾಕ್ಟರು ರಿಜಿಸ್ಟರನ್ನು ಮುಂದೆ ಸರಿಸಿದರು. “ನಿನ್ನ ಅಕ್ಕನ ಹೆಸರಿಗೊಂದು ಗೆರೆ ಎಳೆದುಬಿಡಮ್ಮ. ಮೂರು ತಿಂಗಳು ತುಂಬಲಿಲ್ವಲ್ಲ.”

ಅದು ಅಲ್ಲಿಯ ಪದ್ಧತಿ. ಮೂರು ತಿಂಗಳೊಳಗೆ ಬಿಟ್ಟುಹೋದರೂ ಅಷ್ಟೇ, ಸತ್ತರೂ ಅಷ್ಟೇ: ಅವರು ಸೇರಲೇ ಇಲ್ಲವೆಂದು ಲೆಕ್ಕ. ಸತ್ತವರನ್ನು ಎರಡನೆಯ ಸಲ ಸಾಯಿಸುವ ಈ ಗೆರೆಗೆ ಪದ್ಧತಿಯೆಂಬ ಮರ್ಯಾದೆಯ ಹೆಸರು ಬೇರೆ! ಎರಡು ವರ್ಷದಿಂದ ಕೆಂಪು ಪೆನ್ಸಿಲಿನಲ್ಲಿ ಅದನ್ನು ಎಳೆದವಳೂ ಇವಳೇ, ಕಸ ಗುಡಿಸಿದಷ್ಟು ಸಲೀಸಾಗಿ. ಗೆರೆಗಳನ್ನು ಎಣಿಸಬೇಕೆಂದು ಒಮ್ಮೆಯೂ ಹೊಳೆದಿರಲಿಲ್ಲ. ಈಗ ಎಣಿಸಿದಳು. ಮೂವತ್ತೊಂದು. ಅಕ್ಕನೂ ಸೇರಿದರೆ ಮೂವತ್ತೆರಡು. ಅವಳ ಮೈಯೆಲ್ಲ ಉರಿದುಹೋಯಿತು.

“ನಮ್ಮಕ್ಕ ಸೇರಲೇ ಇಲ್ವಾ ಸಾರ್? ಹಾಗಾದ್ರೆ ಒಂಬತ್ತು ವಾರ ಸೂಜಿ ಚುಚ್ಚಿದ್ದು ಯಾರಿಗೆ?”

“ದುಃಖದಲ್ಲಿ ಏನೇನೋ ಮಾತಾಡ್ತಿದ್ದೀಯ. ನಮ್ಮ ಗುರುಗಳ ಕಾಲದಿಂದ ಹೀಗೇ ನಡೆದುಬಂದಿದೆ. ಪೂರ್ತಿ ಸಂಖ್ಯೆ ಹೊರಗೆ ಬಿಟ್ರೆ ಜನ ಹೆದರಿ ಓಡ್ತಾರೆ. ಆಮೇಲೆ ಔಷಧ ಹುಟ್ಟೋದು ಹೇಗೆ?”

“ತಿಳಿದೂ ಸೇರೋರು ಸೇರ್ತಾರೆ ಸಾರ್. ಯಾರ ಹೆಸರೂ ಬೇಡ, ಸಂಖ್ಯೆ ಹೇಳಿ ಸಾಕು. ಮೈ ಅವರದು, ಪ್ರಾಣ ಅವರದು. ಲೆಕ್ಕ ಮಾತ್ರ ನಿಮ್ಮ ಬೀರುವಿನೊಳಗೆ ಇರಬೇಕಾ?”

“ನಿನಗೆ ಕೆಲಸ ಬೇಕೋ ಬೇಡ್ವೋ?”

ಅವಳು ಕೆಂಪು ಪೆನ್ಸಿಲನ್ನು ಅವರ ಮೇಜಿನ ಮೇಲಿಟ್ಟು ಹೊರಗೆ ನಡೆದಳು.

ಹೊರಗಿನ ಬೆಂಚಿನಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸೊಬ್ಬಳು ಅದೇ ಪತ್ರವನ್ನು ಓದುತ್ತಿದ್ದಳು. ಅವಳ ಗಂಡ ಸಹಿಗೆಂದು ಪೆನ್ನು ತೆಗೆದು ಹಿಡಿದಿದ್ದ. ಗುಮಾಸ್ತೆ ಗೋಡೆಯ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಳು: ‘ಸೇರಿದವರು ಎಪ್ಪತ್ತೆರಡು. ಗಡ್ಡೆ ಕುಗ್ಗಿದ್ದು ಮೂವತ್ತು ಮಂದಿಗೆ. ಮೂರು ತಿಂಗಳೊಳಗೆ ಬಿಟ್ಟವರು, ಸತ್ತವರು ಮೂವತ್ತೆರಡು.’

“ಇದರಲ್ಲಿ ನಲವತ್ತು ಅಂತಿದೆಯಲ್ಲಮ್ಮ?” ಎಂದಳು ಹೆಂಗಸು.

“ಅದನ್ನ ಟೈಪ್ ಮಾಡಿದೋಳು ನಾನೇ ತಾಯಿ. ತಪ್ಪಿದೆ.”

ಹೆಂಗಸು ಗಂಡನ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದಳು.

“ಮೊದಲು ಆ ಡಾಕ್ಟರನ್ನ ಇಲ್ಲಿಗೆ ಕರೀರಿ. ಕೇಳೋದಿದೆ.”